ಅಪ್ಪನ ಹಳೆಯ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ: ಹಾಕಿಸಿದವರು ಅನುಭವ ಹೇಳಿ

ಪ್ರಶ್ನೆ, ರಾಜಾಜಿನಗರದಿಂದ

ಅಪ್ಪ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತಾರೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಡಾವಣೆಯ ಸಂಘದ ಕರಪತ್ರ, ಎಲ್ಲವೂ ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪಿಸುವ ನುಡಿಯಲ್ಲಿ. ಯಂತ್ರ 2014ರಲ್ಲಿ ಅಸೆಂಬಲ್ ಮಾಡಿಸಿದ್ದು: ನಾಲ್ಕನೇ ತಲೆಮಾರಿನ ಇಂಟೆಲ್ ಐ3, ಎಚ್81 ಚಿಪ್‌ಸೆಟ್ಟಿನ ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೆಳಿಗ್ಗೆ ಸ್ವಿಚ್ ಒತ್ತಿ ಕಾಫಿ ಕುಡಿದು ಬಂದರೂ ಪರದೆ ಸಿದ್ಧವಾಗಿರುವುದಿಲ್ಲ. ಹಾರ್ಡ್ ಡಿಸ್ಕಿನ ಬದಲು ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕಿಸೋಣವೆಂದರೆ, ಒಬ್ಬ ಅಂಗಡಿಯವರು ಎಂ.2 ಎನ್‌ವಿಎಂಇ (ಬೋರ್ಡಿನ ಸ್ಲಾಟಿಗೇ ಕೂರುವ ವೇಗದ ಎಸ್‌ಎಸ್‌ಡಿ) ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಯಂತ್ರವನ್ನೇ ಬದಲಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಬಸವನಗುಡಿಯಿಂದ

ಇಬ್ಬರದೂ ಬೇಡ. ಎಚ್81 ಬೋರ್ಡುಗಳಲ್ಲಿ ಸಾಮಾನ್ಯವಾಗಿ ಎಂ.2 ಸ್ಲಾಟೇ ಇರುವುದಿಲ್ಲ. ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನ ಮೇಲೆ ಎನ್‌ವಿಎಂಇ ಕೂರಿಸಬಹುದು, ಆದರೆ ಆ ಕಾಲದ ಬಹುತೇಕ ಬಯೋಸ್‌ಗಳು, ಅಂದರೆ ಯಂತ್ರವನ್ನು ಚಾಲೂ ಮಾಡುವ ಒಳ ತಂತ್ರಾಂಶಗಳು, ಅದರಿಂದ ವಿಂಡೋಸ್ ಬೂಟ್ ಮಾಡುವುದಿಲ್ಲ. ಚಿಕ್ಕ ಎಕ್ಸ್1 ಸ್ಲಾಟಿಗೆ ಹಾಕಿದರಂತೂ ಅಲ್ಲಿ ಸಿಗುವುದೇ ಸೆಕೆಂಡಿಗೆ ಹೆಚ್ಚೆಂದರೆ 500 ಎಂಬಿ. ಹಾರ್ಡ್ ಡಿಸ್ಕಿನಂತೆಯೇ ಕೇಬಲಿನಿಂದ ಜೋಡಿಸುವ ಸಾಧಾರಣ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯೇ 550ರ ಹತ್ತಿರ ಓದುತ್ತದೆ. ಹೆಚ್ಚು ಹಣ ಕೊಟ್ಟು ಕಡಿಮೆ ವೇಗ ತರುವುದು ಯಾವ ಸೀಮೆಯ ವ್ಯಾಪಾರ?

ಆ ಸಂಖ್ಯೆಗಳಿಗೂ ತೀರಾ ಮರುಳಾಗಬೇಡಿ. ನಿಮ್ಮ ಯಂತ್ರ ಬೆಳಿಗ್ಗೆ ನರಳುವುದು ದೊಡ್ಡ ಫೈಲುಗಳಿಂದಲ್ಲ, ಸಾವಿರಾರು ಸಣ್ಣ ಫೈಲುಗಳನ್ನು ಹುಡುಕಿ ಹುಡುಕಿ ಓದಬೇಕಾಗಿರುವುದರಿಂದ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಓದುವ ತಲೆ ಸರಿಯಾದ ಜಾಗಕ್ಕೆ ಸರಿದು, ಬೇಕಾದ ಭಾಗ ಅದರ ಕೆಳಗೆ ಬರುವಷ್ಟರಲ್ಲಿ ಪ್ರತಿ ಸಲ ಹತ್ತು ಮಿಲಿಸೆಕೆಂಡಿಗೂ ಹೆಚ್ಚು ಹೋಗುತ್ತದೆ. ಎಸ್‌ಎಸ್‌ಡಿಗೆ ಅದೇ ಕೆಲಸಕ್ಕೆ 0.1 ಮಿಲಿಸೆಕೆಂಡಿನ ಆಸುಪಾಸು ಸಾಕು. ನೀವು ಕೊಳ್ಳುತ್ತಿರುವುದು ಈ ಅಂತರವನ್ನು.

ಕ್ಯಾಬಿನೆಟ್ಟಿನ ಪಕ್ಕದ ಹಲಗೆ ಬಿಚ್ಚಿ, ಧೂಳು ಒರೆಸಿ, ಸಾಟಾ ಪೋರ್ಟುಗಳ ಪಕ್ಕ ಟಾರ್ಚ್ ಬಿಟ್ಟು ನೋಡಿ. ಎಚ್81ರಲ್ಲಿ ಎರಡು ಪೋರ್ಟು ಸೆಕೆಂಡಿಗೆ 6 ಗಿಗಾಬಿಟ್‌ನವು, ಎರಡು 3 ಗಿಗಾಬಿಟ್‌ನವು. ಅನೇಕ ಬೋರ್ಡುಗಳಲ್ಲಿ ಸಾಸಿವೆ ಗಾತ್ರದ ಅಕ್ಷರಗಳಲ್ಲಿ 6ಜಿ, 3ಜಿ ಎಂದು ಅಲ್ಲೇ ಅಚ್ಚಾಗಿರುತ್ತದೆ, ಕೆಲವದರಲ್ಲಿ ಬಣ್ಣ ಬೇರೆ. ಎಸ್‌ಎಸ್‌ಡಿ 6ರದಕ್ಕೆ, ಹಳೆಯ ಹಾರ್ಡ್ ಡಿಸ್ಕ್ 3ರದಕ್ಕೆ. ಡಿಸ್ಕಿಗೆ ಅದರಿಂದ ಏನೂ ನಷ್ಟವಿಲ್ಲ, ಅದರ ಓಟವೇ ಅಷ್ಟು. ಎಚ್61 ಬೋರ್ಡ್ ಇರುವವರು ಇದನ್ನು ಓದಿ ಬೇಸರಿಸಬೇಡಿ: ಆ ಚಿಪ್‌ಸೆಟ್ಟಿನಲ್ಲಿ 3 ಗಿಗಾಬಿಟ್‌ನವು ಮಾತ್ರ ಇವೆ, ಆದರೂ ದಿನದ ಕೆಲಸದಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಡಿಮೆ.

ಚಾಮರಾಜಪೇಟೆಯಿಂದ

ಮೇಲಿನವರು ವೇಗದ ಲೆಕ್ಕ ಸರಿಯಾಗಿ ಹೇಳಿದ್ದಾರೆ. ನಾನೂ ಡಿಟಿಪಿಯವಳು, ಆದ್ದರಿಂದ ನನ್ನ ಚಿಂತೆ ಬೇರೆ. ಹೊಸದಾಗಿ ವಿಂಡೋಸ್ ಹಾಕಿಸಿದರೆ ಅಪ್ಪನ ಫಾಂಟುಗಳು ಏನಾಗುತ್ತವೆ? ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಮಾಡಿದ ಫೈಲುಗಳು ಯುನಿಕೋಡ್, ಅಂದರೆ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತ, ಅಲ್ಲ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅವನ್ನು ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ನೆತ್ತಿಯ ಮೇಲೆ ಚುಕ್ಕೆ, ಗೆರೆ ಹೊತ್ತ ರೋಮನ್ ಅಕ್ಷರಗಳು ನಿಂತಿರುತ್ತವೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದರ ಸಿ.ಡಿ. ಮನೆಯಲ್ಲಿದೆಯೇ? ಇದ್ದರೆ, ಸಿ.ಡಿ. ಡ್ರೈವ್ ಇನ್ನೂ ತಟ್ಟೆ ಹೊರಹಾಕುತ್ತದೆಯೇ? ಇವೆರಡಕ್ಕೂ ಹೌದು ಎನ್ನುವ ಮನೆ ನನಗಂತೂ ಸಿಕ್ಕಿಲ್ಲ.

ಆದ್ದರಿಂದ ಕ್ಲೋನ್ ಮಾಡಿಸಿ. ಡಿಸ್ಕಿನಲ್ಲಿರುವುದೆಲ್ಲ, ವಿಂಡೋಸ್ ಸಮೇತ, ಎಸ್‌ಎಸ್‌ಡಿಗೆ ಇದ್ದಂತೆಯೇ ಬರುತ್ತದೆ. ಮೊದಲು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ಕನ್ನಡ ಫಾಂಟುಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಡಿ. ಪದೇ ಪದೇ ಬರುವ ಗಿರಾಕಿಗಳ ಕಾರ್ಡುಗಳನ್ನು ಫಾಂಟ್ ಸೇರಿಸಿ ಪಿಡಿಎಫ್ ಮಾಡಿಟ್ಟುಕೊಳ್ಳಿ. ನಮ್ಮ ಕಡೆ ಅಂಗಡಿಯೊಂದಕ್ಕೆ ಕ್ಲೋನ್ ಮಾಡಿಕೊಡಿ ಎಂದು ಹೇಳಿ ಕೊಟ್ಟದ್ದನ್ನು ಅವರು ತಮ್ಮ ಅನುಕೂಲಕ್ಕೆ ಫಾರ್ಮ್ಯಾಟ್ ಮಾಡಿ, ಹೊಸ ವಿಂಡೋಸ್ ಹಾಕಿ, ಈಗ ಚೆನ್ನಾಗಿ ಓಡುತ್ತದೆ ಮೇಡಂ ಎಂದು ನಗುತ್ತಾ ಕೊಟ್ಟರು. ಓಡುತ್ತಿತ್ತು, ಕೆಲಸಕ್ಕೆ ಬೇಕಾದದ್ದೊಂದೂ ಒಳಗೆ ಇರಲಿಲ್ಲ.

ವಿಜಯನಗರದಿಂದ

ಕ್ಲೋನ್ ಮಾಡುವ ಮುನ್ನ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ಡಿಸ್ಕಿನ ಕೆಟ್ಟ ಭಾಗಗಳ ಲೆಕ್ಕ ಇಡುವ 05 ಮತ್ತು ಸಿ5 ಎಂಬ ಸಾಲುಗಳಲ್ಲಿ ಸೊನ್ನೆಯ ಬದಲು ಏನಾದರೂ ಇದ್ದರೆ ಡಿಸ್ಕ್ ಕೈಕೊಡಲು ತಯಾರಾಗುತ್ತಿದೆ ಎಂದು ತಿಳಿಯಿರಿ. ಆಗ ಕ್ಲೋನ್ ಆಮೇಲೆ, ಮೊದಲು ಅಪ್ಪನ ಕೆಲಸದ ಫೋಲ್ಡರುಗಳನ್ನು ಬೇರೆಡೆಗೆ ಎತ್ತಿ. ಮಾಹಿತಿ ಸಾಗುವಾಗಿನ ತಪ್ಪುಗಳ ಲೆಕ್ಕ ಇಡುವ ಸಿ7 ಏರುತ್ತಿದ್ದರೆ ಬಹಳ ಸಲ ತಪ್ಪು ಕೇಬಲಿನದು, ಬದಲಿಸಿದರೆ ಏರುವುದು ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು

ನೋಡಿದೆ. 05 ಸೊನ್ನೆ, ಸಿ5 ಸೊನ್ನೆ. ಡಿಸ್ಕಿನಲ್ಲಿ ತುಂಬಿರುವುದು 310 ಜಿಬಿ, ಅದರಲ್ಲಿ ಅರ್ಧ ಮದುವೆಯ ಫೋಟೋಗಳು. 256 ಜಿಬಿ ಎಸ್‌ಎಸ್‌ಡಿ ಸಾಲುತ್ತದೆಯೇ?

ಬಸವನಗುಡಿಯಿಂದ

ಇದ್ದಂತೆಯೇ ಕ್ಲೋನ್ ಆಗದು. ಕ್ಲೋನ್ ಮಾಡುವ ತಂತ್ರಾಂಶ ಕ್ಲೋನ್‌ಜಿಲ್ಲಾ ತಾನಾಗಿ ದೊಡ್ಡ ಡಿಸ್ಕನ್ನು ಚಿಕ್ಕದಕ್ಕೆ ಇಳಿಸುವುದಿಲ್ಲ. ಫೋಟೋಗಳನ್ನು ಬೇರೆ ಡಿಸ್ಕಿಗೆ ಸಾಗಿಸಿ, ಪಾರ್ಟಿಷನ್ (ಡಿಸ್ಕಿನ ವಿಭಾಗ) ಕುಗ್ಗಿಸಿ ಮಾಡಬಹುದು. ಆದರೆ ಅಷ್ಟು ತಾಪತ್ರಯ ಏಕೆ? 500 ಅಥವಾ 512 ಜಿಬಿಯದನ್ನೇ ತನ್ನಿ. ಎರಡರಲ್ಲಿ ಆಯ್ಕೆ ಇದ್ದರೆ 512, ಹಳೆಯ ಡಿಸ್ಕಿಗಿಂತ ಒಂದಿಷ್ಟೂ ಕಡಿಮೆಯಾಗಬಾರದು. ಕ್ಲೋನ್ ಆದ ಮೇಲೆ ಮೊದಲ ಸಲ ಚಾಲೂ ಮಾಡುವಾಗ ಹಳೆಯ ಡಿಸ್ಕಿನ ಕೇಬಲ್ ಕಳಚಿರಲಿ, ಇಲ್ಲವಾದರೆ ಅವಳಿ ಡಿಸ್ಕುಗಳನ್ನು ನೋಡಿ ವಿಂಡೋಸ್ ತಬ್ಬಿಬ್ಬಾಗುತ್ತದೆ. ಬಯೋಸ್‌ನಲ್ಲಿ ಸಾಟಾ ಮೋಡ್ ಎಎಚ್‌ಸಿಐ ಇದೆಯೇ ಎಂದು ನೋಡಿಕೊಳ್ಳಿ. ಹಳೆಯ ಐಡಿಇ ಮೋಡ್ ಎಂದಿದ್ದರೆ ದಿಢೀರನೆ ಬದಲಿಸಬೇಡಿ, ನೀಲಿ ಪರದೆ ಬಂದೀತು. ವಿಂಡೋಸ್ ಸೇಫ್ ಮೋಡಿನಲ್ಲಿ ಚಾಲೂ ಆಗುವಂತೆ ಮೊದಲು ಮಾಡಿ, ಆಮೇಲೆ ಬದಲಿಸಿ.

ಹನುಮಂತನಗರದಿಂದ

ಯಂತ್ರ ಬದಲಿಸಿ ಎಂದವರನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯವಾಗಿ ಬರುತ್ತಿದ್ದ ಭದ್ರತಾ ಅಪ್‌ಡೇಟುಗಳ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನಲ್ಲಿ ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಎಂಟನೇ ತಲೆಮಾರಿನಿಂದ ಮೇಲೆ, ನಿಮ್ಮದು ನಾಲ್ಕನೆಯದು. ಹೋಗಲಿ, ಡಿಟಿಪಿ ಯಂತ್ರಕ್ಕೆ ಇಂಟರ್ನೆಟ್ ಎಷ್ಟು ಬೇಕು? ಬ್ಯಾಂಕಿನ ವ್ಯವಹಾರ ಅದರಲ್ಲಿ ಬೇಡ, ಫೈಲು ಕಳಿಸುವುದಕ್ಕೆ ಮೊಬೈಲ್ ಇದೆ. ಮುಂದೊಂದು ದಿನ ಹೊಸ ಯಂತ್ರ ಕೊಂಡರೂ ಈ ಸಾಟಾ ಎಸ್‌ಎಸ್‌ಡಿ ಅದರಲ್ಲೂ ಕೂರುತ್ತದೆ.

ಕೊಳ್ಳಲು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌ಪಿ ರಸ್ತೆಗೆ ಹೋಗುವುದಾದರೆ ಸ್ಕೂಟರ್ ಬೇಡ, ನಿಲ್ಲಿಸಲು ಜಾಗ ಸಿಗದು. ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೊ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದು ನಡೆಯಿರಿ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಬಿಲ್ ಬೇಡವೆಂದರೆ ಇಷ್ಟಕ್ಕೆ ಎನ್ನುವವರು ಸಿಗುತ್ತಾರೆ. ಬಿಲ್ ಬೇಕು ಎನ್ನಿ, ಅದರಲ್ಲಿ ಸೀರಿಯಲ್ ನಂಬರ್ ಬರೆಸಿ, ಮೂರೋ ಐದೋ ವರ್ಷದ ವಾರಂಟಿಗೆ ಅದೇ ಆಧಾರ. 2.5 ಇಂಚಿನದನ್ನು ದೊಡ್ಡ ಕಿಂಡಿಗೆ ಕೂರಿಸುವ ಬ್ರ್ಯಾಕೆಟ್, ಒಂದು ಹೊಸ ಸಾಟಾ ಕೇಬಲ್ ಅಲ್ಲೇ ತನ್ನಿ. ಎಸ್‌ಎಂಪಿಎಸ್‌ನಲ್ಲಿ (ಯಂತ್ರಕ್ಕೆ ವಿದ್ಯುತ್ ಕೊಡುವ ಪೆಟ್ಟಿಗೆ) ಸಾಟಾ ಪವರ್ ಪಿನ್ ಖಾಲಿ ಇದೆಯೇ ಎಂದು ಮನೆಯಲ್ಲೇ ನೋಡಿಕೊಂಡು ಹೋಗಿ. ಖಾಲಿ ಇಲ್ಲವೆಂದು ತರುವ ಅಗ್ಗದ ಪರಿವರ್ತಕ ಕೇಬಲುಗಳಲ್ಲಿ ಒಳಗೆ ತಂತಿ ತಾಗಿ ಸುಟ್ಟ ಉದಾಹರಣೆಗಳಿವೆ.

ಚಾಮರಾಜಪೇಟೆಯಿಂದ

ಇನ್ನೊಂದು ಮಾತು. ಹಳೆಯ ಡಿಸ್ಕನ್ನು ಕೂಡಲೇ ಫಾರ್ಮ್ಯಾಟ್ ಮಾಡಬೇಡಿ. ಅಪ್ಪ ಒಂದು ಮದುವೆ ಸೀಸನ್ ಪೂರ್ತಿ ಎಸ್‌ಎಸ್‌ಡಿಯಲ್ಲಿ ಕೆಲಸ ಮಾಡಿ, ಎಲ್ಲ ಫೈಲೂ ತೆರೆಯುತ್ತಿವೆ ಎನ್ನಲಿ, ಆಮೇಲೆ ನೋಡೋಣ.