ಕನ್ನಡದ ಕಾಗುಣಿತ ತಿದ್ದಲು ತಂತ್ರಾಂಶ: ದುಡ್ಡು ಕೊಟ್ಟು ತಗೊಳ್ಳಬೇಕಾ?

ಕೇಳಿದವರು, ವಿರಾಜಪೇಟೆ:
ನಮ್ಮೂರ ಸಂಘಕ್ಕೆ ಐವತ್ತು ವರ್ಷ ತುಂಬುತ್ತಿದೆ. ಸ್ಮರಣ ಸಂಚಿಕೆಯ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಸುಮಾರು 120 ಪುಟ. ಮುಕ್ಕಾಲು ಪಾಲು ಕನ್ನಡ, ಸ್ವಲ್ಪ ಇಂಗ್ಲಿಷ್, ಹತ್ತು ಹದಿನೈದು ಪುಟ ಕೊಡವ ತಕ್ಕ್ (ಕೊಡವರ ಭಾಷೆ), ಎರಡು ಅರೆಭಾಷೆ (ನಮ್ಮ ಕೊಡಗಿನ ಕಡೆಯ ಇನ್ನೊಂದು ಮಾತು) ಲೇಖನ. ಅಕ್ಷರ ತಪ್ಪು ಹಿಡಿಯಲು ಗ್ರಾಮರ್ಲಿ ತಗೊಳ್ಳಿ ಅಂತ ಮಗಳು ಹೇಳುತ್ತಾಳೆ. ಅದು ಕನ್ನಡಕ್ಕೂ ಆಗುತ್ತದಾ? ಎಷ್ಟು ಖರ್ಚು? ಬಳಸಿದವರು ಹೇಳಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್ ಎರಡೂ ದೇವರಿಗೆ ಪ್ರೀತಿ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಹೇಳಿ.

ಹೋಂಸ್ಟೇ ನಡೆಸುವವರು, ನಾಪೋಕ್ಲು:
ಗ್ರಾಮರ್ಲಿಯನ್ನು ನಾನು ಒಂದು ವರ್ಷ ಬಳಸಿದ್ದೇನೆ. ಕನ್ನಡಕ್ಕೆ ಆಗಲ್ಲ. ಅದು ಮೊದಲಿಂದ ಇಂಗ್ಲಿಷಿಗೆ ಮಾಡಿದ್ದು. ಈಚೆಗೆ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್‌ನಂಥ ಕೆಲವು ಭಾಷೆ ಸೇರಿವೆ, ನಮ್ಮದು ಇಲ್ಲ. ನಾನು ಕಟ್ಟುವಾಗ ತಿಂಗಳ ಲೆಕ್ಕದಲ್ಲಿ 30 ಡಾಲರ್, ಇಡೀ ವರ್ಷದ್ದು ಒಟ್ಟಿಗೆ ಕಟ್ಟಿದರೆ 144 ಡಾಲರ್ ಇತ್ತು. 'ತಿಂಗಳಿಗೆ 12 ಡಾಲರ್' ಅಂತ ಅವರು ತೋರಿಸುತ್ತಿದ್ದದ್ದು ಆ 144ನ್ನು ಹನ್ನೆರಡರಿಂದ ಭಾಗಿಸಿದ್ದು. ನಿಮ್ಮ ಹತ್ತಿಪ್ಪತ್ತು ಇಂಗ್ಲಿಷ್ ಪುಟಕ್ಕೆ ಬಿಟ್ಟಿ ಸಿಗುವುದೇ ಸಾಕು. ಸೆಟ್ಟಿಂಗ್‌ನಲ್ಲಿ ಅಮೆರಿಕನ್ ಇಂಗ್ಲಿಷ್ ತೆಗೆದು ಬ್ರಿಟಿಷ್ ಅಥವಾ ಇಂಡಿಯನ್ ಅಂತ ಇಡಿ. ಇಲ್ಲದಿದ್ದರೆ ಸುಮ್ನೆ ಸರಿ ಇರುವುದನ್ನೂ ತಪ್ಪು ಅನ್ನುತ್ತದೆ. ನೆಟ್ ಬೇಕೇ ಬೇಕು.

ಡಿಟಿಪಿ ಮಾಡುವವರು, ಕುಶಾಲನಗರ:
ಕನ್ನಡಕ್ಕೆ ಒಂದು ರೂಪಾಯಿಯೂ ಬೇಡ. ಲಿಬ್ರೆಆಫೀಸ್ (ಎಂಎಸ್ ಆಫೀಸ್ ಥರದ್ದೇ ತಂತ್ರಾಂಶ) ಹಾಕಿಕೊಳ್ಳಿ, ಅದಕ್ಕೆ ಕನ್ನಡ ಪದಪಟ್ಟಿ ಸೇರಿಸಿ. ಎರಡೂ ಉಚಿತ. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ. ಎಂಎಸ್ ಆಫೀಸ್ ಮೊದಲೇ ಕೊಂಡಿದ್ದರೆ ಮೈಕ್ರೋಸಾಫ್ಟ್‌ನವರ ಕನ್ನಡ ಭಾಷಾ ಪ್ಯಾಕ್ ಇದೆ. ಅದಕ್ಕೆ ಬೇರೆ ಹಣ ಇಲ್ಲ, ಕಾಗುಣಿತ ಪರೀಕ್ಷೆ ಅದರಲ್ಲೇ ಬರುತ್ತದೆ.

ನಾನು ಮಾಡಿಕೊಂಡ ಎಡವಟ್ಟು ಹೇಳುತ್ತೇನೆ, ನೀವು ಮಾಡಬೇಡಿ. ಮೊದಲ ಸಲ ನಲವತ್ತು ಪುಟದ ಫೈಲ್ ತೆರೆದೆ. ಒಂದೇ ಒಂದು ಕೆಂಪು ಗೆರೆ ಬರಲಿಲ್ಲ. ಪರವಾಗಿಲ್ಲ, ನಾನು ಟೈಪ್ ಮಾಡಿದ್ದು ಅಲ್ವಾ ಅಂತ ಬೀಗಿದೆ. ಆಮೇಲೆ ನೋಡಿದರೆ ಅದು ಕನ್ನಡವನ್ನು ಪರೀಕ್ಷೆಯೇ ಮಾಡಿರಲಿಲ್ಲ! ಲಿಬ್ರೆಆಫೀಸ್‌ನಲ್ಲಿ ಟೂಲ್ಸ್, ಆಪ್ಷನ್ಸ್, ಭಾಷೆಯ ಸೆಟ್ಟಿಂಗ್‌ಗೆ ಹೋಗಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಎಂಬಲ್ಲಿ ಕನ್ನಡ ಆರಿಸಬೇಕು. ಆಮೇಲೆ ಎಫ್7 ಒತ್ತಿ. ಬೇಕೆಂದೇ 'ಕನನ್ಡ' ಅಂತ ಬರೆದು ನೋಡಿ. ಅದಕ್ಕೆ ಗೆರೆ ಬಂದರೆ ಕೆಲಸ ಮಾಡುತ್ತಿದೆ ಅಂತ ಲೆಕ್ಕ.

ಇನ್ನೊಂದು. ಲೇಖನಗಳು 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಬಂದಿದ್ದರೆ ಮೊದಲು ಯೂನಿಕೋಡ್‌ಗೆ (ಈಗ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತಕ್ಕೆ) ಬದಲಿಸಿ. ಹಳೆಯ ಫಾಂಟ್‌ನಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆ. ಪಾಪ, ತಂತ್ರಾಂಶಕ್ಕೆ ಹೇಗೆ ಗೊತ್ತಾಗಬೇಕು? ಪರಿವರ್ತಕಗಳು ಬಿಟ್ಟಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ.

ಕೆಂಪು ಗೆರೆ ಜಾಸ್ತಿ ಬಂದರೆ ಹೆದರಬೇಡಿ. ಕನ್ನಡದ ಪದಗಳಿಗೆ ಬಾಲ ಉದ್ದ. ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದಲೇ, ಮನೆಯವರಿಗೂ. ಎಲ್ಲವನ್ನೂ ಪಟ್ಟಿ ಮಾಡಿ ಮುಗಿಸಲು ಯಾರಿಂದ ಆಗುತ್ತದೆ? ಲಿಬ್ರೆಆಫೀಸ್, ಫೈರ್‌ಫಾಕ್ಸ್‌ನ ಒಳಗೆ ಕೂತು ತಪ್ಪು ಹುಡುಕುವುದು ಹನ್‌ಸ್ಪೆಲ್ ಅಂತ. ಅದು ಮೊದಲು ತಯಾರಾದದ್ದು ಹಂಗೇರಿಯನ್ ಭಾಷೆಗೆ. ಅಲ್ಲೂ ಹೀಗೇ ಪದಕ್ಕೆ ಪ್ರತ್ಯಯ ಅಂಟುತ್ತಾ ಹೋಗುತ್ತದೆ. ಹಾಗಾಗಿ ಪ್ರತ್ಯಯದ ನಿಯಮ ಬರೆಯಲು ಅದರಲ್ಲಿ ಅವಕಾಶ ಇದೆ. ಆದರೆ ನಮ್ಮ ಸಂಧಿಗಳನ್ನೆಲ್ಲ ನಿಯಮದಲ್ಲಿ ಹಿಡಿದಿಡುವುದು ಸುಲಭ ಅಲ್ಲ. ನೂರು ಗೆರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸರಿಯಾದ ಪದವೇ ಇದ್ದ ದಿನಗಳನ್ನು ನಾನು ನೋಡಿದ್ದೇನೆ.

ನಿವೃತ್ತ ಕನ್ನಡ ಮೇಷ್ಟ್ರು, ಸೋಮವಾರಪೇಟೆ:
ಗೆರೆ ಬಂದದ್ದು ಇರಲಿ, ಬಾರದ್ದೇ ಅಪಾಯ. ಒಮ್ಮೆ ಬೆಳೆಗಾರರ ಕರಪತ್ರವೊಂದನ್ನು ನೋಡಿಕೊಟ್ಟೆ. 'ಈ ವರ್ಷ ಕಾಫಿ ಬೆಳೆ ಚೆನ್ನಾಗಿದೆ' ಅಂತ ಅಚ್ಚಾಗಿತ್ತು. ಬರೆದವರು ಹೇಳಲು ಹೊರಟಿದ್ದು ಬೆಲೆಯ ಬಗ್ಗೆ. ಆ ವರ್ಷ ಮಳೆಗೆ ಕಾಯಿ ಉದುರಿ ತೋಟದಲ್ಲಿ ಬೆಳೆಯೇ ಇರಲಿಲ್ಲ. ಓದಿದವರು ನಕ್ಕರೋ ಬೈದರೋ, ಎರಡೂ ಆಯಿತು. ಬೆಲೆ, ಬೆಳೆ ಎರಡೂ ಪದಪಟ್ಟಿಯಲ್ಲಿ ಇರುವ ಪದಗಳೇ. ಹಾಲು ಹಾಳಾದರೂ ಗೆರೆ ಬೀಳಲ್ಲ. ವಾಕ್ಯ ಓದಿ ಅರ್ಥ ಮಾಡಿಕೊಳ್ಳುವವರು ಬೇಕು. ಗ್ರಾಮರ್ಲಿಗೆ ಅಂತ ಎತ್ತಿಟ್ಟ ದುಡ್ಡಿದ್ದರೆ ಕರಡು ತಿದ್ದುವ ಒಬ್ಬರಿಗೆ ಕೊಡಿ. (ನಾನು ಕೇಳುತ್ತಿಲ್ಲ, ನನ್ನ ಕಣ್ಣಿಗೆ ಪೊರೆ ಬಂದಿದೆ.)

ಗೃಹಿಣಿ, ಪೊನ್ನಂಪೇಟೆ:
ಕೊಡವ ತಕ್ಕ್ ಬಗ್ಗೆ ಯಾರೂ ಹೇಳಲಿಲ್ಲ. ಲಿಪಿ ಕನ್ನಡದ್ದೇ ಆದ್ದರಿಂದ ತಂತ್ರಾಂಶ ಅದನ್ನು ಕನ್ನಡ ಅಂತಲೇ ತಿಳಿಯುತ್ತದೆ. ಪುಟ ಪೂರ್ತಿ ಕೆಂಪು! ಆ ಪುಟಗಳನ್ನು ಸೆಲೆಕ್ಟ್ ಮಾಡಿ, ಭಾಷೆಯ ಜಾಗದಲ್ಲಿ 'ಯಾವುದೂ ಇಲ್ಲ' ಅಂತ ಕೊಡಿ. ಅರೆಭಾಷೆಗೂ ಹಾಗೇ ಮಾಡಿ. ಮುಖ್ಯವಾಗಿ, 'ಎಲ್ಲ ಬದಲಿಸು' ಒತ್ತಬೇಡಿ.

ಕನ್ನಡ ಪುಟಗಳ ಒಳಗೂ ಐನ್‌ಮನೆ, ಕೈಮಡ, ಅಂಬಲ, ಬಾಣೆ, ಜಮ್ಮಾ ಅಂತ ನಮ್ಮ ಕೊಡಗಿನ ಪದಗಳು ಬರುತ್ತವೆ. 'ಅಂಡ'ದಲ್ಲಿ ಮುಗಿಯುವ ಮನೆತನದ ಹೆಸರುಗಳಂತೂ ಸಾಲುಸಾಲು. ಇವನ್ನು ರೈಟ್ ಕ್ಲಿಕ್ ಮಾಡಿ ನಿಮ್ಮ ಪದಕೋಶಕ್ಕೆ ಸೇರಿಸಿ. ಸೇರಿಸುವ ಮೊದಲು ಆ ಮನೆಯ ಹಿರಿಯರ ಹತ್ತಿರ ಕೇಳಿ. ತಪ್ಪು ಹೆಸರು ಒಮ್ಮೆ ಸೇರಿತೋ, ಮುಂದೆ ಎಲ್ಲೆಲ್ಲೂ ಅದೇ ಸರಿ ಆಗುತ್ತದೆ. ಐನ್‌ಮನೆ ಅನ್ನುವುದನ್ನು ಒಬ್ಬರು ನ್ ಬಿಡಿಸಿ ಬರೆಯುತ್ತಾರೆ, ಇನ್ನೊಬ್ಬರು ಒತ್ತು ಕೊಟ್ಟು 'ಐನ್ಮನೆ' ಅನ್ನುತ್ತಾರೆ. ಬಿಡಿಸಿದ್ದರಲ್ಲಿ ನಡುವೆ ಕಾಣದ ಒಂದು ಚಿಹ್ನೆ ಇರುತ್ತದೆ, ತಂತ್ರಾಂಶಕ್ಕೆ ಇವೆರಡೂ ಬೇರೆ ಪದ. ಒಂದನ್ನೇ ಹಿಡಿದುಕೊಳ್ಳಿ. ನಮ್ಮ ಸುಗ್ಗಿ ಹಬ್ಬ ಕನ್ನಡ ಲೇಖನದಲ್ಲಿ ಹುತ್ತರಿ, ತಕ್ಕ್‌ನಲ್ಲಿ ಪುತ್ತರಿ ಅಂತಲೇ ಇರಲಿ. ಅಲ್ಲಿ ಒಂದೇ ಮಾಡಲು ಹೋಗಬೇಡಿ, ಜಗಳ ಆಗುತ್ತದೆ. ತಕ್ಕ್‌ನ ಕೆಲವು ಸ್ವರಗಳಿಗೆ ಕನ್ನಡದಲ್ಲಿ ನೇರ ಅಕ್ಷರ ಇಲ್ಲ, ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿ ಎರಡೂ ಇವೆ. ಹೋಗಿ ಕೇಳಿ.

ಕೇಳಿದವರು, ವಿರಾಜಪೇಟೆ:
ಎಲ್ಲರಿಗೂ ಧನ್ಯವಾದ. ಲಿಬ್ರೆಆಫೀಸ್ ಹಾಕಿದೆ, 'ಕನನ್ಡ'ಕ್ಕೆ ಗೆರೆ ಬಂತು. ನಮ್ಮ ಮನೆತನದ ಹೆಸರಿಗೂ ಬಂತು! ಅದನ್ನು ಮೊದಲು ಸೇರಿಸಿದೆ. ಕರಡು ತಿದ್ದಲು ಗೋಣಿಕೊಪ್ಪದ ಕಡೆ ಯಾರಾದರೂ ಇದ್ದರೆ ಹೇಳಿ. ಪುಟದ ಲೆಕ್ಕದಲ್ಲಿ ಕೊಡುತ್ತೇವೆ, ಜೊತೆಗೆ ಮನೆಯ ಕಾಫಿಪುಡಿ.