ಮೊಂಜಾದ ಮೊದಲ ತಿರುವು: ಎಬಿಎಸ್ ಇಲ್ಲದೆ ಬ್ರೇಕ್ ಹಾಕೋದು ಹೇಗೆ?

ಪ್ರಶ್ನೆ: ಎಫ್1 24 ಅನ್ನೋ ಕಾರ್ ರೇಸ್ ಗೇಮ್ ಆಡುತ್ತಿದ್ದೇನೆ, ಕಂಟ್ರೋಲರ್‌ನಲ್ಲಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ತಿರುಗದೆ ಲಾಕ್ ಆಗುವುದನ್ನು ತಡೆಯುವ ನೆರವು) ಆಫ್ ಮಾಡಿದ ಮೇಲೂ ಬೇರೆ ಟ್ರ್ಯಾಕ್‌ಗಳು ಹೇಗೋ ನಡೆಯುತ್ತಿವೆ. ಇಟಲಿಯ ಮೊಂಜಾ ಟ್ರ್ಯಾಕ್‌ನ ಮೊದಲ ತಿರುವು ಮಾತ್ರ ಪಳಗುತ್ತಿಲ್ಲ. ಮುಂದಿನ ಚಕ್ರ ಲಾಕ್ ಆಗಿ ಕಾರು ಸೀದಾ ಹೋಗಿಬಿಡುತ್ತದೆ. ಬೇಗ ಬ್ರೇಕ್ ಹಾಕಿದರೆ ಟೈಮ್ ಕೈಬಿಟ್ಟು ಹೋಗುತ್ತದೆ. ಯಾರಾದರೂ ದಾರಿ ಹೇಳಿ ಪ್ಲೀಸ್.

ಉತ್ತರ: ಅಲ್ಲಿ ಒದ್ದಾಡದವರು ಯಾರೂ ಇಲ್ಲ ಬಿಡಿ. ಎಲ್ಲರೂ ಎಲ್ಲಿ ಬ್ರೇಕ್ ಹಾಕಬೇಕು ಅಂತಲೇ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಕಷ್ಟ ಇರೋದು ಬ್ರೇಕ್ ಬಿಡುವುದರಲ್ಲಿ.

ನೇರ ರಸ್ತೆಯ ಕೊನೆಗೆ ಕಾರು ಗಂಟೆಗೆ 340 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ತಿರುವಿಗೆ ಬರುವಾಗ 80ರ ಹತ್ತಿರ ಇಳಿದಿರಬೇಕು. 340ರ ವೇಗದಲ್ಲಿ ಗಾಳಿಯೇ ಕಾರನ್ನು ನೆಲಕ್ಕೆ ಅದುಮಿ ಹಿಡಿದಿರುತ್ತದೆ, ಹಾಗಾಗಿ ಮೊದಲ ಏಟಿಗೆ ಪೂರ್ತಿ ಒತ್ತಿದರೂ ಟೈರ್ ತಡೆದುಕೊಳ್ಳುತ್ತದೆ. ವೇಗ ಅರ್ಧಕ್ಕೆ ಇಳಿದಾಗ ಆ ಒತ್ತಡ ಕಾಲು ಭಾಗ ಮಾತ್ರ ಉಳಿಯುತ್ತದೆ. ನಿಮ್ಮ ಬೆರಳು ಮಾತ್ರ ಇನ್ನೂ ಅಷ್ಟೇ ಜೋರಾಗಿ ಒತ್ತಿರುತ್ತದೆ, ಅಲ್ವಾ? ಲಾಕ್ ಆಗೋದು ಅಲ್ಲೇ. ಅದರ ಮೇಲೆ ಮೊಂಜಾದಲ್ಲಿ ವೇಗಕ್ಕೋಸ್ಕರ ವಿಂಗ್ (ಗಾಳಿಯಿಂದ ಕಾರನ್ನು ಅದುಮುವ ರೆಕ್ಕೆ) ತೀರಾ ಕಡಿಮೆ ಇಟ್ಟಿರುತ್ತೇವೆ. ಅದಕ್ಕೇ ಇಲ್ಲಿ ಕಾಟ ಜಾಸ್ತಿ.

ಒಬ್ಬರೇ ಓಡಿಸುವ ಟೈಮ್ ಟ್ರಯಲ್‌ಗೆ ಹೋಗಿ. ಲ್ಯಾಪ್ ಟೈಮ್ ಮರೆತುಬಿಡಿ. ತಿರುವಿಗೆ ಎಷ್ಟು ದೂರ ಅಂತ ತೋರಿಸುವ 150 ಮೀಟರ್ ಬೋರ್ಡ್ ಹತ್ತಿರ ಬ್ರೇಕ್ ಪೂರ್ತಿ ಒತ್ತಿ, ವೇಗ ಇಳಿದ ಹಾಗೆಲ್ಲ ಟ್ರಿಗರ್ (ಕಂಟ್ರೋಲರ್‌ನ ಬ್ರೇಕ್ ಗುಂಡಿ) ಸ್ವಲ್ಪ ಸ್ವಲ್ಪ ಸಡಿಲ ಬಿಡಿ. ಸ್ಟೀರಿಂಗ್ ತಿರುಗಿಸುವ ಹೊತ್ತಿಗೆ ಬೆರಳು ಟ್ರಿಗರ್ ಮೇಲೆ ಸುಮ್ನೆ ಕೂತಿರಬೇಕು, ಅಷ್ಟೇ. ಲಾಕ್ ಇಲ್ಲದೆ ತಿರುಗುವುದು ಅಭ್ಯಾಸವಾದ ಮೇಲೆ ಒಂದೊಂದು ಕಾರಿನುದ್ದ ಮುಂದಕ್ಕೆ ಹೋಗಿ ಬ್ರೇಕ್ ಹಾಕಿ. 100ರ ಬೋರ್ಡ್ ಹತ್ತಿರ ಬಂದರೆ ಸಾಕು, ಅಲ್ಲಿಂದ ಮುಂದೆ ಸಿಗುವುದು ಚಿಲ್ಲರೆ.

ಕೇಳಿದವರು: ಸಡಿಲ ಬಿಡೋಣ ಅಂದರೆ ನನ್ನ ಟ್ರಿಗರ್ ಒಂದೋ ಪೂರ್ತಿ, ಇಲ್ಲ ಏನೂ ಇಲ್ಲ ಅನ್ನೋ ಹಾಗಿದೆ.

ಇನ್ನೊಂದು ಉತ್ತರ: ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ಕ್ಯಾಲಿಬ್ರೇಶನ್ ತೆರೆಯಿರಿ. ಬ್ರೇಕ್ ಲೀನಿಯಾರಿಟಿ ಅನ್ನೋ ಆಯ್ಕೆಯನ್ನು ಸ್ವಲ್ಪ ಏರಿಸಿ. ಟ್ರಿಗರ್‌ನ ಮೊದಲ ಭಾಗ ಮೆತ್ತಗಾಗುತ್ತದೆ, ಕೊನೆಯಲ್ಲಿ ಬಿಡುವಾಗ ಹಿಡಿತ ಸಿಗುತ್ತದೆ. ಕಾರ್ ಸೆಟಪ್‌ನಲ್ಲಿ ಬ್ರೇಕ್ ಪ್ರೆಶರ್ ಕೂಡ ಒಂದೆರಡು ಅಂಕ ಇಳಿಸಿ ನೋಡಿ. ಅದು ಅವಮಾನ ಅಂದುಕೊಳ್ಳುವವರು ಇದ್ದಾರೆ, ತಲೆ ಕೆಡಿಸಿಕೊಳ್ಳಬೇಡಿ.

ಬ್ರೇಕ್ ಬಯಾಸ್ (ಬ್ರೇಕ್ ಬಲ ಮುಂದಿನ, ಹಿಂದಿನ ಚಕ್ರಗಳಿಗೆ ಎಷ್ಟೆಷ್ಟು ಹಂಚಿಕೆ ಅನ್ನೋದು) ಬಗ್ಗೆ ಯಾರೂ ಹೇಳಲಿಲ್ಲ. ಮುಂದಿನ ಚಕ್ರ ಲಾಕ್ ಆಗುತ್ತಿದೆ ಅಂದರೆ ಬಯಾಸ್ ಸ್ವಲ್ಪ ಹಿಂದಕ್ಕೆ ಸರಿಸಿ. ಓಡಿಸುತ್ತಲೇ ಬದಲಾಯಿಸಬಹುದು. ಜಾಸ್ತಿ ಸರಿಸಿದರೆ ಹಿಂದಿನ ಚಕ್ರ ಲಾಕ್ ಆಗಿ ಕಾರು ಗಿರಗಿಟ್ಲೆ ಹೊಡೆಯುತ್ತದೆ, ಜೋಪಾನ. ಗೇರ್ ಕೂಡ ಟಕಟಕ ಅಂತ ಒಂದೇ ಸಲ ಇಳಿಸಬೇಡಿ. ಎಂಜಿನ್ ಹಿಂದಿನ ಚಕ್ರಗಳನ್ನು ಎಳೆದು ಹಿಡಿಯುವುದರಿಂದ ಅಲ್ಲೂ ಅದೇ ಗತಿ.

ಮತ್ತೊಬ್ಬರು: ನಾನು ವೀಲ್‌ನಲ್ಲಿ ಆಡುವುದು. ಪೆಡಲ್ ಇದ್ದರೂ ಕಥೆ ಅದೇ, ಬೆರಳಿನ ಬದಲು ಕಾಲು. ಮೇಲೆ ಹೇಳಿದ್ದಕ್ಕೆಲ್ಲ ಒಪ್ಪುತ್ತೇನೆ, ಆದರೆ ಬೋರ್ಡ್ ಒಂದನ್ನೇ ನಂಬಬೇಡಿ. ಟೈಮ್ ಟ್ರಯಲ್‌ನಲ್ಲಿ ಟ್ಯಾಂಕ್ ಹಗುರ. ರೇಸ್ ಶುರುವಿನಲ್ಲಿ ಪೆಟ್ರೋಲ್ ತುಂಬಿರುತ್ತದೆ, ಟೈರ್ ತಣ್ಣಗಿರುತ್ತದೆ. ಮುಂದೆ ಕಾರು ಇದ್ದರೆ ಗಾಳಿಯೂ ಸರಿಯಾಗಿ ಸಿಗುವುದಿಲ್ಲ. ಇನ್ನೂ ಮೊದಲೇ ಒತ್ತಬೇಕು.

ಮೊದಲ ಲ್ಯಾಪ್‌ನಲ್ಲಿ ಅಲ್ಲಿ ಓವರ್‌ಟೇಕ್ ಮಾಡುವ ಹುಮ್ಮಸ್ಸು ಬೇಡ. 2021ರ ನಿಜವಾದ ಮೊಂಜಾ ರೇಸ್‌ನಲ್ಲಿ ಎಫ್1 ಚಾಲಕ ವರ್ಸ್ಟಾಪೆನ್ ಕಾರು ಎದುರಾಳಿ ಹ್ಯಾಮಿಲ್ಟನ್ ಕಾರಿನ ಮೇಲೇರಿ ಇಬ್ಬರೂ ಹೊರಬಿದ್ದದ್ದು ಇದೇ ತಿರುವಿನಲ್ಲಿ. ಪಕ್ಕದವರು ಒಳಗೆ ನುಗ್ಗಿದರೆ ಬಿಟ್ಟುಬಿಡಿ. ಹೆಚ್ಚಿನ ಸಲ ಅವರೇ ಸೀದಾ ಹೋಗಿರುತ್ತಾರೆ, ನೀವು ಒಳಗಿನಿಂದ ಮುಂದೆ ಬರಬಹುದು.