ಪೆಲೆಟ್ ಚೀಲ ಛಲೋದೋ ಖೊಟ್ಟಿಯೋ, ಹ್ಯಾಂಗ ಗೊತ್ತಾಗ್ತದ?

ಖಾನಾವಳಿ, ಕಲಬುರಗಿ:
ನಮಸ್ಕಾರ್ರಿ. ಗ್ಯಾಸಿನ ಖರ್ಚು ತಾಳಲಾರದ ಫ್ಯಾನ್ ಇರೋ ಪೆಲೆಟ್ ಒಲಿ ತಂದೀನಿ; ಪೆಲೆಟ್ ಅಂದ್ರ ಕಟ್ಟಿಗಿ ಹುಡಿ, ಬೆಳಿ ಕಸ ಒತ್ತಿ ಮಾಡಿದ ಉರುವಲದ ಸಣ್ಣ ತುಂಡು. ಮೊದಲನೇ ಚೀಲ ಛಲೋ ಉರೀತು. ಎರಡನೇದು ಬರೇ ಹೊಗಿ. ತಳದಾಗ ಗಾಜಿನಂಥ ಗಟ್ಟಿ ಕಿಟ್ಟ ಕೂಡ್ತು. ರೊಟ್ಟಿ ಬಡಿಯೋ ಅಕ್ಕ ‘ನನಗ ಕಟ್ಟಿಗಿ ಒಲಿನೇ ಕೊಡು’ ಅಂತ ಸಿಟ್ಟಾಗ್ಯಾಳ. ವ್ಯಾಪಾರಿ ಎರಡೂ ಒಂದೇ ಮಾಲು ಅಂತಾನ. ಪರೀಕ್ಷಾ ಹ್ಯಾಂಗ ಮಾಡೋದ್ರಿ?

ಬಾಯ್ಲರ್ ಕೆಲಸ, ಬೀದರ:
ಅಣ್ಣಾ, ತೊಗರಿ ಕಟ್ಟಿಗಿ, ಹೊಟ್ಟು ಇಲ್ಲಾ ಮಣ್ಣು ಸೇರಿರಬೇಕು. ಬೆಳಿ ಕಸದಾಗ ಪೊಟ್ಯಾಶ್ ಜಾಸ್ತಿ, ಬೂದಿ ಬೇಗ ಕರಗಿ ಗಂಟಾಗ್ತದ. ಯುರೋಪಿನಾಗ ಮನಿ ಒಲಿಯ ಪೆಲೆಟ್ಟಿಗೆ ಎನ್‌ಪ್ಲಸ್ ಎ1 ಅಂತ ಗುಣಮಟ್ಟದ ದರ್ಜೆ ಅದ: ಬೂದಿ ಶೇ. 0.7, ತೇವ ಶೇ. 10 ಮೀರಬಾರದು. ನಮ್ಮ ಕಡಿ ಮಾಲಿಗೆ ಅಷ್ಟು ಹಠ ಹಿಡೀಬ್ಯಾಡ್ರಿ. ಒಂದು ಕೆಜಿ ಪೂರ್ತಿ ಉರಿಸಿ, ಆರಿದ ಬೂದಿ ತೂಗ್ರಿ. 100 ಗ್ರಾಂ ಬಂತಂದ್ರ ಚೀಲ ವಾಪಸ್.

ಯಾದಗಿರಿ:
ನೀರಿನ ಗ್ಲಾಸಿನಾಗ ನಾಕು ಹಾಕ್ರಿ. ಗಟ್ಟಿ ಒತ್ತಿದ್ದು ಮುಳುಗ್ತದ, ಸಡಿಲಿದ್ದದ್ದು ತೇಲ್ತದ. ಮುರದ್ರ ಟಕ್ ಅನಬೇಕು. ಬಗ್ಗಿತಂದ್ರ ತೇವ ಕುಡದದ. ಚೀಲದ ತಳದಾಗ ಹುಡಿ ಎಷ್ಟದ ನೋಡ್ರಿ. ಬಣ್ಣ ಬಿಡ್ರಿ, ಅದರಿಂದ ಏನೂ ತಿಳಿಯಂಗಿಲ್ಲ. ಪ್ಲೈವುಡ್ ಅಂಟಿನ ವಾಸನಿ ಬಂದ್ರ ಮಾತ್ರ ಅಡಗಿ ಮನಿಗೆ ತರಲೇಬ್ಯಾಡ್ರಿ.

ಖಾನಾವಳಿ, ಕಲಬುರಗಿ:
ತೂಗಿದೆ. ಮೊದಲನೇ ಚೀಲದ್ದು 20 ಗ್ರಾಂ, ಎರಡನೇದ್ದು 110! ಆದ್ರ ನೀರಿನಾಗ ಎರಡೂ ಮುಳುಗಿದ್ವು?

ಬಾಯ್ಲರ್ ಕೆಲಸ, ಬೀದರ:
ಮಣ್ಣು ಕೂಡಿದ್ದೂ ಮುಳುಗ್ತದಲ್ಲಣ್ಣಾ.